ಅಯೋನಾ ಸನ್ಯಾಸಿನಿ ಮಠ: ಒಂದೇ ದಿನಕ್ಕೋ, ರಾತ್ರಿ ತಂಗಿಯೋ?

ಸ್ಕಾಟ್ಲೆಂಡಿನ ಪಶ್ಚಿಮದ ಅಯೋನಾ ದ್ವೀಪಕ್ಕೆ ಹೋಗುವವರಿಗೆ ಎರಡು ದಾರಿ: ಬಂದರು ಪಟ್ಟಣ ಓಬನ್‌ನಿಂದ ಒಂದೇ ದಿನದಲ್ಲಿ ಹೋಗಿಬರುವುದು, ಇಲ್ಲವೇ ದ್ವೀಪದಲ್ಲೇ ತಂಗುವುದು.

ಒಂದೇ ದಿನದ್ದು ಅಗ್ಗ, ಆದರೆ ಬಿಗಿ. ಓಬನ್‌ನಿಂದ ಮಲ್ ದ್ವೀಪದ ಕ್ರೇಗ್ನೂರ್‌ಗೆ ಫೆರಿಯಲ್ಲಿ ಸುಮಾರು 50 ನಿಮಿಷ. ಅಲ್ಲಿಂದ ಫಿನ್ನಫೋರ್ಟ್‌ಗೆ ಬಸ್ಸಿನಲ್ಲಿ ಒಂದೂಕಾಲು ಗಂಟೆ. ರಸ್ತೆಯ ಬಹುಭಾಗ ಒಂದೇ ವಾಹನದಷ್ಟು ಅಗಲ. ಮತ್ತೆ ಸಣ್ಣ ಫೆರಿ, 10 ನಿಮಿಷ. ಕೊಂಡಿ ಒಂದು ತಪ್ಪಿದರೆ ದಿನವೇ ಕೆಡುತ್ತದೆ. ಗಾಳಿ ಜೋರಾದರೆ ಫೆರಿ ರದ್ದು. ಹಿಂದಿರುಗುವ ಕೊನೆಯ ಬಸ್ಸಿನ ಸಮಯವನ್ನು ಮೊದಲೇ ನೋಡಿಕೊಂಡು ಹೊರಡಿ.

ಮಠ ಜೆಟ್ಟಿಯಿಂದ ಕೆಲವೇ ನಿಮಿಷದ ನಡಿಗೆ, ಪ್ರವೇಶ ಉಚಿತ. ಆದರೂ ದಿನದ ಪ್ರವಾಸಿಗರು ಇದನ್ನು ದಾಟಿ ನೇರವಾಗಿ ಟಿಕೆಟ್ಟಿನ ಅಬಿಗೆ (ಸನ್ಯಾಸಿಗಳ ದೊಡ್ಡ ಮಠ) ಓಡುತ್ತಾರೆ. ಅದೇ ದೊಡ್ಡ ನಷ್ಟ. ಸುಮಾರು 1200ರಲ್ಲಿ ಸ್ಥಾಪನೆಯಾದ ಈ ಅಗಸ್ಟಿನಿಯನ್ (ಸಂತ ಅಗಸ್ಟಿನ್‌ರ ನಿಯಮ ಪಾಲಿಸುವ ಕ್ರೈಸ್ತ ಪಂಥದ) ಮಠದ ಗುಲಾಬಿ ಗ್ರಾನೈಟ್ ಗೋಡೆಗಳು ಬ್ರಿಟನ್ನಿನಲ್ಲಿ ಉಳಿದ ಇಂಥ ಅವಶೇಷಗಳಲ್ಲಿ ಅತ್ಯುತ್ತಮವಾದವು. ಊಟದ ಕೋಣೆಯ ಹೊರಗೋಡೆಯಲ್ಲಿ ಎತ್ತರದಲ್ಲಿರುವ ಶೀಲಾ-ನಾ-ಗಿಗ್, ಅಂದರೆ ಯೋನಿ ತೋರುವ ನಗ್ನ ಸ್ತ್ರೀಶಿಲ್ಪ, ತೀರಾ ಸವೆದಿದೆ. ಬೈನಾಕ್ಯುಲರ್ ಒಯ್ಯಿರಿ. ಮಠಾಧಿಪತಿ ಅನ್ನಾ ಮ್ಯಾಕ್‌ಲೀನ್‌ರ 1543ರ ಸಮಾಧಿಕಲ್ಲು ಮಾತ್ರ ಅಬಿಯ ಮ್ಯೂಸಿಯಂನಲ್ಲಿದೆ.

ತಂಗಿದರೆ ಕೊನೆಯ ಫೆರಿ ಹೋದ ಮೇಲೆ ಮಠದಲ್ಲಿ ಜನರಿರುವುದಿಲ್ಲ. ಜೂನ್‌ನಲ್ಲಿ ರಾತ್ರಿ ಹತ್ತರವರೆಗೂ ಬೆಳಕು. ಕೋಣೆಗಳು ಕಡಿಮೆ, ತಿಂಗಳುಗಳ ಮೊದಲೇ ಕಾಯ್ದಿರಿಸಬೇಕು. ಪ್ರವಾಸಿಗರ ಕಾರಿಗೆ ದ್ವೀಪದಲ್ಲಿ ಅವಕಾಶವಿಲ್ಲದ್ದರಿಂದ ಕೈಯಲ್ಲಿ ಹೊರುವಷ್ಟೇ ಸಾಮಾನು ತನ್ನಿ. ಕಟ್ಟಡದ ವಿವರ ನೋಡುವ ಆಸೆಯಿದ್ದರೆ ಒಂದು ರಾತ್ರಿ ತಂಗುವುದೇ ಸರಿ.