ನೇರ ತರಗತಿಯೋ ವಿಡಿಯೊ ತುಣುಕೋ: ದೂರದಿಂದ ಜಿಮ್ನಾಸ್ಟಿಕ್ಸ್ ಕಲಿಸುವವನ ಹೋಲಿಕೆ

ನನ್ನ ಮತ ಮಕ್ಕಳು ಮನೆಯಲ್ಲಿ ಚಿತ್ರಿಸಿ ಕಳಿಸುವ ವಿಡಿಯೊ ತುಣುಕುಗಳಿಗೇ. ಒಂದು ಆ್ಯಪ್‌ಗೆ ವರ್ಷದ ಚಂದಾ ಕಟ್ಟಿ ನೇರ ತರಗತಿಯನ್ನೂ ನಡೆಸಿ ನೋಡಿದ್ದೇನೆ. ಚಂದಾ ಮುಗಿಯುತ್ತ ಬಂದಿದೆ, ನವೀಕರಿಸುವುದಿಲ್ಲ.

ನನ್ನಲ್ಲಿ ಕಲಿಯುವವರೆಲ್ಲ ಕಲಬುರಗಿ ನಗರದ ಮಕ್ಕಳಲ್ಲ; ಜೇವರ್ಗಿ, ಆಳಂದ, ಸೇಡಂ ಕಡೆಯವರೂ ಇದ್ದಾರೆ. ಅವರು ರವಿವಾರ ಬಸ್ಸು ಹಿಡಿದು ಬಂದು ಹೋಗುತ್ತಾರೆ, ಉಳಿದ ದಿನ ಮನೆಯಲ್ಲೇ ಅಭ್ಯಾಸ. ಬೇಸಿಗೆಯಲ್ಲಿ ಬಿಸಿಲು 42 ಡಿಗ್ರಿ ದಾಟಿತೆಂದರೆ ನಗರದವರೂ ಹೊರಗೆ ಕಾಲಿಡುವುದಿಲ್ಲ. ಸ್ಪರ್ಧೆಯ ಫ್ಲೋರ್, ಅಂದರೆ ಕಸರತ್ತು ಮಾಡುವ ಅಂಕಣ, 12 ಮೀಟರ್ ಉದ್ದ, ಅಷ್ಟೇ ಅಗಲ, ಅಡಿಯಲ್ಲಿ ಸ್ಪ್ರಿಂಗು. ಇವರ ಪಡಸಾಲೆಯಲ್ಲಿ ಶಹಾಬಾದ್ ಫರಸಿ, ಒಂದು ಬದಿಗೆ ಕಪಾಟು, ಇನ್ನೊಂದು ಬದಿಗೆ ಟಿವಿ, ಮೇಲೆ ಫ್ಯಾನು.

ನೆಟ್‌ವರ್ಕ್ ಕೈಕೊಡುವುದು ಹೇಗೂ ಇದ್ದದ್ದೇ. ನೇರ ತರಗತಿಯಲ್ಲಿ ನನಗೆ ತಲೆನೋವು ತಂದದ್ದು ಮಕ್ಕಳ ಕತ್ತು. ಹ್ಯಾಂಡ್‌ಸ್ಟ್ಯಾಂಡ್‌ನಲ್ಲಿ, ಅಂದರೆ ತಲೆಕೆಳಗಾಗಿ ಕೈ ಮೇಲೆ ನಿಂತಾಗ, ಕಿವಿಗಳು ತೋಳುಗಳ ನಡುವೆ ಇರಬೇಕು, ನೋಟ ಅಂಗೈಗಳ ನಡುವಿನ ನೆಲದ ಮೇಲಿರಬೇಕು. ಆದರೆ ಎದುರಿಗೆ ಫೋನಿದೆ, ಅದರಲ್ಲಿ ಸರ್ ಇದ್ದಾರೆ. ಮಗು ತಲೆಕೆಳಗಾಗಿಯೇ ಗದ್ದ ಎತ್ತಿ ನನ್ನ ಮುಖ ನೋಡುತ್ತದೆ. ಗದ್ದ ಎದ್ದೊಡನೆ ಪಕ್ಕೆಲುಬು ಮುಂದೆ ಬರುತ್ತದೆ, ನಡು ಬಾಗುತ್ತದೆ, ಪಾದಗಳು ತಲೆಯನ್ನು ದಾಟಿ ಆಚೆಗೆ ಹೋಗುತ್ತವೆ. ಆ ಸ್ಥಿತಿಯಲ್ಲೇ ಪ್ರಶ್ನೆ: “ಸರ್, ಸರಿಯಾಯಿತಾ?”

ಫೋನನ್ನು ಪಕ್ಕಕ್ಕೆ ಇಡಿಸಿದೆ. ಕತ್ತು ಪಕ್ಕಕ್ಕೆ ಹೊರಳಿತು. ಪರದೆಯ ಮೇಲೆ ಕರವಸ್ತ್ರ ಹಾಕಿಸಿದೆ. ಆಗ ಉಳಿದದ್ದು ನನ್ನ ಧ್ವನಿ ಮಾತ್ರ, ಅದೂ ತಡವಾಗಿ ತಲುಪುವ ಧ್ವನಿ. ಸಣ್ಣ ಮಕ್ಕಳು ಕೈ ಮೇಲೆ ನಿಲ್ಲುವುದೇ ಒಂದೆರಡು ಸೆಕೆಂಡು. “ಹೆಗಲು ಒತ್ತು” ಎಂಬ ನನ್ನ ಮಾತು ಆ ಕಡೆ ಕೇಳಿಸುವ ಹೊತ್ತಿಗೆ ಹುಡುಗ ಇಳಿದು ನಿಂತಿರುತ್ತಾನೆ. ನಿಂತಲ್ಲೇ ವಿಧೇಯನಾಗಿ ಹೆಗಲು ಎತ್ತುತ್ತಾನೆ. ಅವನಿಗೆಂದು ಹೇಳಿದ್ದನ್ನು ಉಳಿದವರೂ ಕೇಳಿಸಿಕೊಂಡು, ಸರಿಯಾಗಿದ್ದ ತಮ್ಮ ಹೆಗಲನ್ನು ಕೆಡಿಸಿಕೊಳ್ಳುತ್ತಾರೆ. ಜಿಮ್‌ನಲ್ಲಿ ಬೆನ್ನಿಗೆ ಎರಡು ಬೆರಳು ತಾಗಿಸಿದರೆ ಮುಗಿಯುವ ಕೆಲಸಕ್ಕೆ ಇಷ್ಟು ಒದ್ದಾಟ.

ತುಣುಕು ಚಿತ್ರಿಸುವಾಗ ಹಿಂಬದಿಯ ಕ್ಯಾಮೆರಾ ಸಾಕು. ಮಗುವಿಗೆ ಪರದೆಯೇ ಕಾಣುವುದಿಲ್ಲ, ನೋಡಲು ಯಾರೂ ಇಲ್ಲ, ಕತ್ತು ತಾನಾಗಿ ತನ್ನ ಜಾಗದಲ್ಲಿರುತ್ತದೆ. ಫೋನನ್ನು ಎಂಟು ಅಡಿ ದೂರದಲ್ಲಿ, ಸೊಂಟದ ಎತ್ತರಕ್ಕೆ, ದೇಹದ ಪಕ್ಕದ ನೋಟ ಸಿಗುವಂತೆ ಇಡಬೇಕು. ಸ್ಲೋ ಮೋಷನ್ ಇದ್ದರೆ ಇನ್ನೂ ಒಳ್ಳೆಯದು: ಸೆಕೆಂಡಿಗೆ 240 ಫ್ರೇಮ್‌ಗಳಲ್ಲಿ ಚಿತ್ರಿಸಿ 30ರಂತೆ ನೋಡಿದರೆ ಚಲನೆ ಎಂಟು ಪಟ್ಟು ನಿಧಾನವಾಗುತ್ತದೆ. ಒಂದು ಫ್ರೇಮ್ ನಿಲ್ಲಿಸಿ, ಮಣಿಕಟ್ಟಿನಿಂದ ಹೆಗಲು, ಸೊಂಟ, ಕಾಲಿನ ಹರಡಿನವರೆಗೆ ಕೆಂಪು ಗೆರೆ ಎಳೆದು, ಧ್ವನಿ ಸಂದೇಶದ ಜೊತೆ ವಾಪಸ್ ಕಳಿಸುತ್ತೇನೆ.

ಜೇವರ್ಗಿಯ ಒಬ್ಬ ಹುಡುಗಿಯ ಕಾರ್ಟ್‌ವೀಲ್ (ಒಂದರ ನಂತರ ಒಂದು ಕೈಯೂರಿ ಗಾಲಿಯಂತೆ ಪಕ್ಕಕ್ಕೆ ಉರುಳುವುದು) ನೇರ ತರಗತಿಯಲ್ಲಿ ಚೊಕ್ಕವಾಗಿಯೇ ಕಾಣುತ್ತಿತ್ತು. ತುಣುಕಿನಲ್ಲಿ ನೋಡಿದರೆ ಎರಡನೆಯ ಕೈ ಪ್ರತಿ ಸಲ ಒಂದು ಗೇಣು ಹೊರಗೆ ಬೀಳುತ್ತಿದೆ. ಗೊತ್ತಾದದ್ದು ಫರಸಿಯಿಂದ. ಎರಡು ಕಲ್ಲುಗಳ ನಡುವಿನ ಸಂದು ಹೊಲಿಗೆ ಹಾಕಿದಷ್ಟು ನೇರ. ಮೊದಲ ಕೈ ಸಂದಿನ ಮೇಲೆ, ಎರಡನೆಯದು ಪಕ್ಕದ ಕಲ್ಲಿನ ಮೇಲೆ. ಆ ಸಂದು ನಡುವೆ ಬರುವಂತೆ 10 ಸೆಂಟಿಮೀಟರ್ ಅಂತರದಲ್ಲಿ ಸೀಮೆಸುಣ್ಣದ ಎರಡು ಗೆರೆ ಎಳೆಯಲು ಹೇಳಿದೆ. ಜಿಮ್ನಾಸ್ಟ್‌ಗಳು ಮೇಲೆ ನಡೆದು ಕಸರತ್ತು ಮಾಡುವ ಕಿರಿದಾದ ತೊಲೆ, ಬ್ಯಾಲೆನ್ಸ್ ಬೀಮ್, ಅದರ ಅಗಲ ಅಷ್ಟೇ. ಈಗ ಅವಳೇ ತನ್ನ ತಪ್ಪನ್ನು ಮೊದಲು ಬರೆದು ಕಳಿಸುತ್ತಾಳೆ.

ತುಣುಕಿನಲ್ಲಿ ಮೋಸಕ್ಕೂ ದಾರಿ ಇದೆ. ಹತ್ತು ಸಲ ಮಾಡಿ ಚೆನ್ನಾಗಿ ಬಂದ ಒಂದನ್ನು ಕಳಿಸುತ್ತಾರೆ. ಅದಕ್ಕೇ ಮೊದಲನೆಯದನ್ನೂ ಕೊನೆಯದನ್ನೂ ಕೇಳುತ್ತೇನೆ. ದಣಿದಾಗ ಯಾವುದು ಮೊದಲು ಸಡಿಲವಾಗುತ್ತದೆ ಎಂಬುದು ಕೊನೆಯದರಲ್ಲೇ ಕಾಣುವುದು.

ಆರೇಳು ವರ್ಷದ ಮಕ್ಕಳಿಗೆ ನೇರ ತರಗತಿಯೇ ಸರಿ. ಯಾರೋ ಎಣಿಸುತ್ತಿದ್ದಾರೆ ಎಂದರೆ ಮಾತ್ರ ಅವರು ಪ್ಲ್ಯಾಂಕ್‌ನಲ್ಲಿ (ಕೈ ಮತ್ತು ಕಾಲ್ಬೆರಳೂರಿ ಮೈಯನ್ನು ಹಲಗೆಯಂತೆ ನೇರವಾಗಿ ಹಿಡಿಯುವುದು) ಅರ್ಧ ನಿಮಿಷ ನಿಲ್ಲುತ್ತಾರೆ.

ಯೂಟ್ಯೂಬ್‌ನ ಸಿದ್ಧ ಪಾಠಗಳು: ಅವು ಮಗುವನ್ನು ನೋಡುವುದಿಲ್ಲ, ಅಲ್ಲಿಗೆ ಮುಗಿಯಿತು.

“ಬ್ಯಾಕ್ ಫ್ಲಿಪ್ ಯಾವಾಗ ಕಲಿಸುತ್ತೀರಿ ಸರ್?” ಎಂದು ಪಾಲಕರು ಕೇಳುತ್ತಾರೆ. 2016ರ ರಿಯೊ ಒಲಿಂಪಿಕ್ಸ್‌ನ ವಾಲ್ಟ್ (ಓಡಿ ಬಂದು ಮೇಜಿನ ಮೇಲೆ ಕೈಯೂರಿ ಹಾರುವ ಸ್ಪರ್ಧೆ) ಫೈನಲ್‌ನಲ್ಲಿ ನಾಲ್ಕನೆಯವಳಾದ ದೀಪಾ ಕರ್ಮಾಕರ್ ಕೂಡ ಅನುಕೂಲವಿಲ್ಲದ ಊರಿನಿಂದಲೇ ಬಂದವಳಲ್ಲವೇ ಎಂದು ವಾದಿಸುತ್ತಾರೆ. ನಿಜ. ಆದರೆ ಅವಳ ತರಬೇತುದಾರ ಬಿಶ್ವೇಶ್ವರ ನಂದಿ ಪಕ್ಕದಲ್ಲೇ ನಿಂತಿದ್ದರು. ಬೀಳುವಾಗ ಹಿಡಿಯುವ ಕೈ ಬೇಕಾದ ಯಾವ ವಿದ್ಯೆಯನ್ನೂ ನಾನು ಫೋನಿನಲ್ಲಿ ಹೇಳಿಕೊಡುವುದಿಲ್ಲ, ನೇರದಲ್ಲೂ ಇಲ್ಲ, ತುಣುಕಿನಲ್ಲೂ ಇಲ್ಲ. ಅದು ರವಿವಾರಕ್ಕೆ. ಫರಸಿಯ ಮೇಲೆ ಗಾದಿ ಹಾಸಿದರಾಯಿತು ಎನ್ನುವವರಿಗೂ ಒಂದು ಮಾತು: ಗಾದಿಯಲ್ಲಿ ಅಂಗೈ ಹೂತು ಮಣಿಕಟ್ಟು ಹೊರಳುತ್ತದೆ, ಬರಿ ಜಮಖಾನ ಜಾರುತ್ತದೆ.

ಖರ್ಚಿನ ಲೆಕ್ಕವೂ ತುಣುಕಿನ ಕಡೆಗೇ ವಾಲುತ್ತದೆ. ಒಂದು ಗಂಟೆಯ ನೇರ ತರಗತಿಗೆ ಒಂದು ಜಿಬಿಯ ಆಸುಪಾಸು ಡೇಟಾ ಬೇಕು. ಮನೆಗೊಂದೇ ಫೋನು, ದಿನಕ್ಕೆ 1.5 ಜಿಬಿ ಪ್ಯಾಕ್ ಇರುವಲ್ಲಿ ಅದು ದುಬಾರಿ. 20 ಸೆಕೆಂಡಿನ ಸಾಮಾನ್ಯ ತುಣುಕು 50 ಎಂಬಿ ದಾಟುವುದು ಕಡಿಮೆ. ನಾನು ಹಗಲು ಬೇರೆ ಕೆಲಸದಲ್ಲಿರುವವನು. ರಾತ್ರಿ ಊಟವಾದ ಮೇಲೆ ಕುಳಿತು ನೋಡುವುದು ನನಗೆ ಒಗ್ಗುತ್ತದೆ. ಸಂಜೆ ಐದಕ್ಕೇ ಬಿಡುವಾಗುವವರ ಲೆಕ್ಕ ಬೇರೆ ಇದ್ದೀತು. ಚಂದಾಕ್ಕೆ ಎತ್ತಿಟ್ಟಿದ್ದ ಹಣದಲ್ಲಿ ಸೂಪರ್ ಮಾರ್ಕೆಟ್‌ನಿಂದ ಮೊಬೈಲ್ ಸ್ಟ್ಯಾಂಡುಗಳನ್ನು ತಂದು ಮಕ್ಕಳಿಗೆ ಹಂಚಿದ್ದೇನೆ. ಇನ್ನು ತಾಯಂದಿರು ಫೋನ್ ಹಿಡಿದು ನಿಲ್ಲಬೇಕಿಲ್ಲ. ಅವರು ಹಿಡಿದರೆ ಕ್ಯಾಮೆರಾ ಮಗುವಿನ ಮುಖವನ್ನೇ ಹುಡುಕಿಕೊಂಡು ಹೋಗುತ್ತದೆ, ನನಗೆ ಬೇಕಾದ ಪಾದಗಳು ಚೌಕಟ್ಟಿನ ಹೊರಗೆ ಉಳಿಯುತ್ತವೆ.