ಬೀಗಲ್‌ಬೋನ್ ಬ್ಲ್ಯಾಕ್‌ನಲ್ಲಿ ಪಲ್ಸ್ ಅಗಲ: ನಾಲ್ಕು ವಿಧಾನಗಳ ಹೋಲಿಕೆ

ಸರ್ವೋ ಮೋಟರಿನ ಸಂಕೇತದಂತೆ 20 ಮಿಲಿಸೆಕೆಂಡಿಗೊಮ್ಮೆ ಬರುವ, 1.5 ಮಿಲಿಸೆಕೆಂಡ್ ಅಗಲದ (ಅಂದರೆ ಅಷ್ಟು ಹೊತ್ತು ವೋಲ್ಟೇಜ್ ಮೇಲಿರುವ) ಪಲ್ಸನ್ನು ಸಿಗ್ನಲ್ ಜನರೇಟರಿನಿಂದ ಕೊಟ್ಟು, ಲಿನಕ್ಸ್ ಓಡುವ ಪುಟ್ಟ ಕಂಪ್ಯೂಟರಾದ ಬೀಗಲ್‌ಬೋನ್ ಬ್ಲ್ಯಾಕ್ ಬೋರ್ಡಿನಲ್ಲಿ ಅದನ್ನು ನಾಲ್ಕು ವಿಧದಲ್ಲಿ ಅಳೆದು ನೋಡಿದೆ. ಈ ಬೋರ್ಡಿನ ಡಿಜಿಟಲ್ ಪಿನ್ನುಗಳು 3.3 ವೋಲ್ಟನ್ನಷ್ಟೇ ತಾಳುವುದರಿಂದ, 5 ವೋಲ್ಟ್ ಕೊಡುವ ಸಂವೇದಕವನ್ನು ಜೋಡಿಸುವವರು ನಡುವೆ ಎರಡು ರೆಸಿಸ್ಟರುಗಳನ್ನಿಟ್ಟು ವೋಲ್ಟೇಜ್ ಇಳಿಸಿಕೊಳ್ಳಲೇಬೇಕು.

ಮೊದಲನೆಯದು ಸಾಮಾನ್ಯ ಜಿಪಿಐಒ ಪಿನ್, ಅಂದರೆ ಇನ್‌ಪುಟ್ ಅಥವಾ ಔಟ್‌ಪುಟ್ ಆಗಿ ಬಳಸಬಹುದಾದ ಪಿನ್. ಪಲ್ಸಿನ ಅಂಚು (ವೋಲ್ಟೇಜ್ ಏರುವ ಅಥವಾ ಇಳಿಯುವ ಕ್ಷಣ) ಬಂದಾಗ ಪ್ರೊಸೆಸರನ್ನು ತಡೆದು ಕರೆಯುವ ಇಂಟರಪ್ಟ್ ಎದ್ದು, ಲಿನಕ್ಸ್ ಕರ್ನಲ್ ಸಮಯವನ್ನು ಗುರುತಿಸುತ್ತದೆ. ಬೋರ್ಡ್ ಬಿಡುವಾಗಿದ್ದಾಗ ಅಳತೆ ಸರಿಯಾಗಿಯೇ ಇತ್ತು. ದೊಡ್ಡ ಕಡತವೊಂದನ್ನು ನಕಲು ಮಾಡಲು ಹಚ್ಚಿದೊಡನೆ ಹತ್ತಾರು ಮೈಕ್ರೋಸೆಕೆಂಡುಗಳಷ್ಟು ಏರುಪೇರಾಯಿತು. ಗುಂಡಿ ಒತ್ತಿದ್ದನ್ನು ಗುರುತಿಸಲು ಇದು ಸಾಕು, ಅಳತೆಗೆ ಸಾಲದು.

ಎರಡನೆಯದು ಚಿಪ್ಪಿನೊಳಗಿನ ಡಿಎಂಟೈಮರಿನ ಕ್ಯಾಪ್ಚರ್, ಅಂದರೆ ಅಂಚು ಬಂದ ಕ್ಷಣದ ಎಣಿಕೆಯನ್ನು ಟೈಮರೇ ಹಿಡಿದಿಡುವುದು. ಬೋರ್ಡಿನ ಪಿ8 ಕನೆಕ್ಟರಿನ 7ನೆಯ ಪಿನ್ನಾದ ಪಿ8.07ರಲ್ಲಿ ಟೈಮರ್ 4 ಸಿಗುತ್ತದೆ. ಗಡಿಯಾರ 24 ಮೆಗಾಹರ್ಟ್ಸ್ ಆದ್ದರಿಂದ ಒಂದು ಎಣಿಕೆಗೆ ಸುಮಾರು 41.7 ನ್ಯಾನೋಸೆಕೆಂಡ್, ನನ್ನ ಪಲ್ಸಿಗೆ 36,000 ಬರಬೇಕು. ಬಹುಪಾಲು ಹಾಗೆಯೇ ಬಂತು, ಪ್ರೊಸೆಸರಿನ ಹೊರೆ ಅದನ್ನು ಅಲುಗಿಸಲಿಲ್ಲ. ಆದರೆ ಪ್ರೋಗ್ರಾಮನ್ನು ಮತ್ತೆ ಮತ್ತೆ ಆರಂಭಿಸಿದಾಗ ಕೆಲವೊಮ್ಮೆ 4,44,000 ಬರುತ್ತಿತ್ತು. ಅದು 18.5 ಮಿಲಿಸೆಕೆಂಡ್, ಅಂದರೆ ಎರಡು ಪಲ್ಸುಗಳ ನಡುವಿನ ಖಾಲಿ ಅವಧಿ. ಎರಡೂ ಅಂಚುಗಳನ್ನು ಹಿಡಿಯುವಂತೆ ಹೊಂದಿಸಿದಾಗ ಮೊದಲು ಸಿಕ್ಕ ಅಂಚಿನ ಎಣಿಕೆ ಮೊದಲ ರಿಜಿಸ್ಟರಿಗೂ (ಚಿಪ್ಪಿನೊಳಗೆ ಅಂಕಿ ಇಡುವ ಪುಟ್ಟ ಜಾಗ) ನಂತರದ್ದು ಎರಡನೆಯದಕ್ಕೂ ಹೋಗುತ್ತದೆಯೇ ಹೊರತು, ಅದು ಏರುವ ಅಂಚೋ ಇಳಿಯುವ ಅಂಚೋ ಎಂಬುದು ಎಲ್ಲಿಯೂ ದಾಖಲಾಗುವುದಿಲ್ಲ. ಪಲ್ಸಿನ ನಡುವೆ ಟೈಮರ್ ಶುರುವಾದರೆ ಅಳತೆ ತಲೆಕೆಳಗಾಗುತ್ತದೆ.

ಈ ಕೊರತೆಯನ್ನು ನೀಗುವುದು ಮೂರನೆಯದು, ಕ್ಯಾಪ್ಚರಿಗೆಂದೇ ಚಿಪ್ಪಿನಲ್ಲಿರುವ ಇಕ್ಯಾಪ್ ಮಾಡ್ಯೂಲ್. ಅದರ ನಾಲ್ಕು ಕ್ಯಾಪ್ಚರ್ ರಿಜಿಸ್ಟರುಗಳಿಗೂ ಯಾವ ಅಂಚು ಬೇಕೆಂದು ಪ್ರತ್ಯೇಕವಾಗಿ ಹೇಳಬಹುದು. ಏರುವ ಅಂಚಿನಲ್ಲಿ ಎಣಿಕೆಯನ್ನು ಸೊನ್ನೆಗೆ ತಂದು ಇಳಿಯುವ ಅಂಚಿನಲ್ಲಿ ಹಿಡಿದರೆ, ಆ ರಿಜಿಸ್ಟರಿನಲ್ಲಿರುವುದೇ ಪಲ್ಸಿನ ಅಗಲ. ಕಳೆಯುವ ಲೆಕ್ಕವೂ ಬೇಡ. 100 ಮೆಗಾಹರ್ಟ್ಸ್ ಗಡಿಯಾರದಲ್ಲಿ 1,50,000 ನಿರೀಕ್ಷಿಸಿದ್ದೆ, 1,50,002 ಬಂದು ಅಲ್ಲಿಯೇ ನಿಂತಿತು. ಆ ಎರಡು ಎಣಿಕೆ ಜನರೇಟರಿನ ಸ್ಫಟಿಕಕ್ಕೂ ಬೋರ್ಡಿನ ಸ್ಫಟಿಕಕ್ಕೂ ಇರುವ ಅಂತರವೆಂದು ನನ್ನ ಅಂದಾಜು. ಅಷ್ಟು ಸ್ಥಿರವಾದ ಅಂಕಿಯನ್ನು ಕಂಡು ನಿಜಕ್ಕೂ ಸಂತೋಷವಾಯಿತು. ತೊಡಕೆಂದರೆ, ಪಿ9.42 ಪಿನ್ನಿಗೆ ಪ್ರೊಸೆಸರಿನ ಎರಡು ಕಾಲುಗಳು ಕೂಡಿಕೊಂಡಿವೆ. ಇನ್ನೊಂದು ಕಾಲನ್ನು ಇನ್‌ಪುಟ್ ಆಗಿಯೇ ಇರಿಸಬೇಕು. ಲಿನಕ್ಸಿನ ಸಾಮಾನ್ಯ ಡ್ರೈವರ್ ಈ ಮಾಡ್ಯೂಲನ್ನು ಪಿಡಬ್ಲ್ಯುಎಂ ಔಟ್‌ಪುಟ್‌ಗೆ (ಪಲ್ಸುಗಳನ್ನು ಹೊರಗೆ ಕಳಿಸಲು) ಬಳಸುವುದರಿಂದ, ಕ್ಯಾಪ್ಚರಿಗಾಗಿ ನಾನು ರಿಜಿಸ್ಟರುಗಳನ್ನು ನೇರವಾಗಿ ಬರೆಯಬೇಕಾಯಿತು.

ಕೊನೆಯದು ಪಿಆರ್‌ಯು, ಅಂದರೆ ಅದೇ ಚಿಪ್ಪಿನಲ್ಲಿ ಲಿನಕ್ಸಿನ ಹಂಗಿಲ್ಲದೆ ಓಡುವ ಇನ್ನೊಂದು ಪ್ರೊಸೆಸರ್. 200 ಮೆಗಾಹರ್ಟ್ಸ್ ವೇಗದ ಈ ಪುಟ್ಟ ಪ್ರೊಸೆಸರಿನಲ್ಲಿ ಒಂದು ಕೂಡಿಸುವ ಆಜ್ಞೆ, ಪಿನ್ ನೋಡಿ ಮತ್ತೆ ಹಿಂದಕ್ಕೆ ಹೋಗುವ ಇನ್ನೊಂದು ಆಜ್ಞೆ, ಇಷ್ಟೇ ಕುಣಿಕೆ (ಲೂಪ್). ಕುಣಿಕೆಯ ಪ್ರತಿ ಸುತ್ತಿಗೂ 10 ನ್ಯಾನೋಸೆಕೆಂಡ್. ಫಲಿತಾಂಶ ಇಕ್ಯಾಪಿನಷ್ಟೇ ನಿಖರ. ಒಂದೇ ಪಲ್ಸ್ ಇದ್ದರೆ ಇದಕ್ಕಾಗಿ ಬೇರೆ ಪ್ರೋಗ್ರಾಮ್ ಬರೆದು ಲೋಡ್ ಮಾಡುವ ಶ್ರಮ ವ್ಯರ್ಥವೆಂದೇ ನನ್ನ ಅಭಿಪ್ರಾಯ, ಅಲ್ಲಿ ಇಕ್ಯಾಪ್ ಸಾಕು. ರೇಡಿಯೋ ರಿಸೀವರಿನ ಆರು ಚಾನೆಲ್ಲುಗಳನ್ನು ಒಟ್ಟಿಗೆ ಅಳೆಯಬೇಕಾದಾಗ ಮಾತ್ರ ಪಿಆರ್‌ಯುವನ್ನೇ ಹಿಡಿಯುತ್ತೇನೆ. ಆಗ ಕುಣಿಕೆ ಉದ್ದವಾಗಿ ಸೂಕ್ಷ್ಮತೆ ಕಡಿಮೆಯಾದರೂ ಸರ್ವೋ ಸಂಕೇತಕ್ಕೆ ಅದು ಧಾರಾಳ.