ಸ್ಕಾಟ್ಲೆಂಡಿನ ಉತ್ತರ ತೀರದಲ್ಲಿ ಹನ್ನೆರಡು ರಾತ್ರಿ: ವ್ಯಾನಿಗೆ ಯಾವ ಬಿಡಾರ ಒಳ್ಳೆಯದು?

ಕಳೆದ ಜೂನ್ ತಿಂಗಳಲ್ಲಿ ನಾನು, ನನ್ನ ಹೆಂಡತಿ ಮತ್ತು ಹನ್ನೊಂದು ವರ್ಷದ ಮಗಳು ಬಾಡಿಗೆಗೆ ಪಡೆದ ಕ್ಯಾಂಪರ್ ವ್ಯಾನಿನಲ್ಲಿ ಸ್ಕಾಟ್ಲೆಂಡಿನ ಉತ್ತರ ತೀರವನ್ನು ಸುತ್ತಿ ಬಂದೆವು. ಇನ್ವರ್ನೆಸ್‌ನಿಂದ ಹೊರಟು ಇನ್ವರ್ನೆಸ್‌ಗೇ ಮರಳುವ, 516 ಮೈಲಿ ಉದ್ದದ ಆ ದಾರಿಯು 2015ರಿಂದ ‘ನಾರ್ತ್ ಕೋಸ್ಟ್ 500’ ಎಂಬ ಹೆಸರಿನಲ್ಲಿ ಪ್ರಸಿದ್ಧವಾಗಿದೆ. ಹನ್ನೆರಡು ರಾತ್ರಿಗಳಲ್ಲಿ ನಾಲ್ಕನ್ನು ದೊಡ್ಡ ಕ್ಯಾಂಪ್‌ಸೈಟುಗಳಲ್ಲಿ, ಮೂರನ್ನು ಐದೇ ವಾಹನಗಳಿಗೆ ಜಾಗವಿರುವ ಹೊಲದ ಬಿಡಾರಗಳಲ್ಲಿ, ಎರಡನ್ನು ಸರ್ಕಾರಿ ಅರಣ್ಯದ ಪಾರ್ಕಿಂಗ್ ಜಾಗಗಳಲ್ಲಿ, ಎರಡನ್ನು ರಸ್ತೆಯ ಬದಿಯಲ್ಲಿ, ಕೊನೆಯ ಒಂದನ್ನು ಮರಳುವ ಹಾದಿಯ ಸರೋವರದ ದಡದಲ್ಲಿ ಕಳೆದೆವು. ಬೇಕೆಂದೇ ಹೀಗೆ ಹಂಚಿಕೊಂಡಿದ್ದೆವು. ಯಾವುದು ನಮಗೆ ಹೊಂದುತ್ತದೆ ಎಂಬುದನ್ನು ಇತರರ ಮಾತಿನಿಂದಲ್ಲದೆ ಮಲಗಿ ಎದ್ದೇ ತಿಳಿಯಬೇಕೆಂಬುದು ನನ್ನ ಹಟವಾಗಿತ್ತು.

ಹೋಲಿಕೆಗೆ ಮೊದಲು ವ್ಯಾನಿನ ಬಗ್ಗೆ ಹೇಳಬೇಕು, ಏಕೆಂದರೆ ನನ್ನ ತೀರ್ಮಾನವೆಲ್ಲ ಅದರ ಮೇಲೆ ನಿಂತಿದೆ. ಅದು ಛಾವಣಿ ಎತ್ತಿದರೆ ಮೇಲೊಂದು ಹಾಸಿಗೆ ಸಿಗುವ ಚಿಕ್ಕ ಬಗೆಯ ವ್ಯಾನು. ಎರಡು ಬರ್ನರಿನ ಗ್ಯಾಸ್ ಒಲೆ, 30 ಲೀಟರಿನ ನೀರಿನ ಟ್ಯಾಂಕು, ಸೀಟಿನ ಕೆಳಗೆ ರಾಸಾಯನಿಕ ದ್ರವ ಹಾಕಿಡುವ ಶೌಚದ ಡಬ್ಬಿ. ಸ್ನಾನಕ್ಕೆ ವ್ಯವಸ್ಥೆಯಿಲ್ಲ. ಅನ್ನ, ಸಾರು ಮಾಡಿ ಪಾತ್ರೆ ತೊಳೆಯುವ ಮೂವರ ಸಂಸಾರಕ್ಕೆ 30 ಲೀಟರು ಒಂದೂವರೆ ದಿನಕ್ಕಿಂತ ಹೆಚ್ಚು ಬರುವುದಿಲ್ಲ. ಒಳಗೇ ಶವರ್ ಇರುವ ದೊಡ್ಡ ಮೋಟರ್‌ಹೋಮಿನವರಿಗೆ ನನ್ನ ಲೆಕ್ಕ ಹೊಂದಲಾರದು.

ಕಾನೂನಿನ ವಿಷಯವನ್ನೂ ಇಲ್ಲೇ ಮುಗಿಸುತ್ತೇನೆ. ಸ್ಕಾಟ್ಲೆಂಡಿನಲ್ಲಿ ಎಲ್ಲಿ ಬೇಕಾದರೂ ರಾತ್ರಿ ತಂಗಬಹುದು ಎಂಬ ಮಾತು ಬಾಯಿಂದ ಬಾಯಿಗೆ ಹರಡಿದೆ. ಅದಕ್ಕೆ ಮೂಲ ಅಲ್ಲಿನ 2003ರ ಭೂ ಸುಧಾರಣಾ ಕಾಯ್ದೆ. (ಭೂ ಸುಧಾರಣೆ ಎಂದೊಡನೆ ನಮ್ಮವರಿಗೆ 1974 ಮತ್ತು ಗೇಣಿದಾರರ ಅರ್ಜಿಗಳು ನೆನಪಾಗುತ್ತವೆ, ಅಲ್ಲಿಯದು ನಡೆದಾಡುವವರ ಹಕ್ಕನ್ನೂ ಒಳಗೊಂಡ ಕಾಯ್ದೆ.) ಆದರೆ ಆ ಹಕ್ಕು ಕಾಲ್ನಡಿಗೆಯಲ್ಲಿ, ಸೈಕಲ್ಲಿನಲ್ಲಿ, ಕುದುರೆಯ ಮೇಲೆ, ದೋಣಿಯಲ್ಲಿ ಬರುವವರಿಗೆ ಸಂಬಂಧಿಸಿದ್ದೇ ಹೊರತು ಮೋಟಾರು ವಾಹನಕ್ಕಲ್ಲ. ಹೆಗಲ ಮೇಲೆ ಗುಡಾರ ಹೊತ್ತು ಬೆಟ್ಟ ಹತ್ತಿದವನಿಗೆ ಇರುವ ಅನುಮತಿ ವ್ಯಾನಿನಲ್ಲಿ ಬಂದವನಿಗೆ ಇಲ್ಲ. 1988ರ ರಸ್ತೆ ಸಂಚಾರ ಕಾಯ್ದೆಯು ನಿಲುಗಡೆಗಾಗಿ ರಸ್ತೆಯಿಂದ 15 ಗಜದವರೆಗೆ ಇಳಿಯುವುದನ್ನು ಅಪರಾಧವೆಂದು ಎಣಿಸುವುದಿಲ್ಲ, ನಿಜ. ಆದರೆ ಆ ನೆಲದ ಒಡೆಯನು ‘ಇಲ್ಲಿಂದ ಹೊರಡಿ’ ಎಂದರೆ ಹೊರಡಲೇಬೇಕು.

ದೊಡ್ಡ ಕ್ಯಾಂಪ್‌ಸೈಟುಗಳಲ್ಲಿ ಬಿಸಿನೀರಿನ ಸ್ನಾನ, ಬಟ್ಟೆ ಒಗೆಯುವ ಯಂತ್ರ, ಪಾತ್ರೆ ತೊಳೆಯುವ ತೊಟ್ಟಿ, ಶೌಚದ ಡಬ್ಬಿಯನ್ನು ಖಾಲಿ ಮಾಡುವ ಜಾಗ ಎಲ್ಲವೂ ಇರುತ್ತವೆ. ನಾಲ್ಕರಲ್ಲಿ ಅತ್ಯುತ್ತಮವಾಗಿದ್ದದ್ದು ಡರ್ನೆಸ್ ಊರಿನ ಸಮುದ್ರದಂಚಿನ ಬಂಡೆಯ ಮೇಲಿನದು. ಕೆಳಗೆ ಬಿಳಿ ಮರಳು, ರಾತ್ರಿ ಹತ್ತು ದಾಟಿದ ಮೇಲೆ ಸೂರ್ಯಾಸ್ತ. ಉಳಿದವುಗಳಲ್ಲಿ ನಮ್ಮ ಬಾಗಿಲಿಗೂ ಪಕ್ಕದವರ ಬಾಗಿಲಿಗೂ ಆರೇಳು ಮೀಟರಿನ ಅಂತರ. ಮೂವರಿಗೆ ವಿದ್ಯುತ್ ಸಂಪರ್ಕವೂ ಸೇರಿ ಒಂದು ರಾತ್ರಿಗೆ 30 ಪೌಂಡಿನ ಆಸುಪಾಸು ಕೊಟ್ಟೆವು. ವಿದ್ಯುತ್ ಸಂಪರ್ಕವನ್ನು ನಂಬಿ ಊರಿನಿಂದ ರೈಸ್ ಕುಕ್ಕರ್ ತಂದಿದ್ದೆವು. ಒಂದು ಸಂಜೆ ಮಳೆ ಹಿಡಿದು ಚಳಿಯಾಯಿತೆಂದು ಹೀಟರ್ ಹಾಕಿ, ಜೊತೆಗೆ ಕುಕ್ಕರನ್ನೂ ಹಚ್ಚಿದೆವು. ವ್ಯಾನಿಗೆ ವಿದ್ಯುತ್ ಕೊಡುವ ಆ ಕಂಬದ ಮಿತಿ 10 ಆಂಪಿಯರ್, ಅಂದರೆ ಒಟ್ಟು 2300 ವಾಟ್. ನಮ್ಮ ಹೀಟರೊಂದೇ 2000 ವಾಟಿನದು. ಟಕ್ಕೆಂದು ಸದ್ದಾಗಿ ಎಲ್ಲವೂ ನಿಂತಿತು. ಕಂಬದ ಪೆಟ್ಟಿಗೆಗೆ ಬೀಗ, ಬೀಗದ ಕೈ ಮೇಲ್ವಿಚಾರಕನ ಬಳಿ, ಮೇಲ್ವಿಚಾರಕ ರಾತ್ರಿಯೂಟಕ್ಕೆ ಹೋಗಿದ್ದ. ಅರೆಬೆಂದ ಅನ್ನವನ್ನು ಗ್ಯಾಸ್ ಒಲೆಗೆ ವರ್ಗಾಯಿಸಿ ಮೊಸರನ್ನ ಮಾಡಿಕೊಂಡೆವು. ಅಂದಿನಿಂದ ಕುಕ್ಕರ್ ಡಿಕ್ಕಿಯಲ್ಲೇ ಉಳಿಯಿತು.

ಹೊಲದ ಬಿಡಾರಗಳ ಮೇಲೆ ನನಗೆ ಪಕ್ಷಪಾತ ಹುಟ್ಟಿದ್ದನ್ನು ಮುಚ್ಚಿಡುವುದಿಲ್ಲ. ಬ್ರಿಟನ್ನಿನ ಎರಡು ದೊಡ್ಡ ಕ್ಯಾಂಪಿಂಗ್ ಸಂಘಗಳು ರೈತರ, ಕುರಿ ಸಾಕುವವರ ಹಿತ್ತಲು ಗದ್ದೆಗಳಿಗೆ ಪ್ರಮಾಣಪತ್ರ ಕೊಡುತ್ತವೆ. ಅಲ್ಲಿ ಒಮ್ಮೆಗೆ ಐದಕ್ಕಿಂತ ಹೆಚ್ಚು ವ್ಯಾನುಗಳು ನಿಲ್ಲುವಂತಿಲ್ಲ ಮತ್ತು ಆಯಾ ಸಂಘದ ಸದಸ್ಯರಿಗಷ್ಟೇ ಅವಕಾಶ. ಕುಡಿಯುವ ನೀರಿನ ನಲ್ಲಿ ಮತ್ತು ಶೌಚದ ಡಬ್ಬಿ ಬರಿದು ಮಾಡುವ ಜಾಗ ಇರುತ್ತವೆ. ಅದಕ್ಕೂ ಮೀರಿದ್ದು ಸಿಕ್ಕರೆ ಅದೃಷ್ಟ. ನಾವು ತಂಗಿದ ಮೂರರಲ್ಲಿ ಒಂದರಲ್ಲಿ ಮಾತ್ರ ಸ್ನಾನದ ಕೋಣೆಯಿತ್ತು. ಒಂದು ರಾತ್ರಿಗೆ 12ರಿಂದ 18 ಪೌಂಡು ತೆತ್ತೆವು. ಸದಸ್ಯತ್ವದ ಶುಲ್ಕವನ್ನೂ ಸೇರಿಸಿ ನೋಡಿದರೆ ಮೂರೇ ರಾತ್ರಿಗಳಲ್ಲಿ ಉಳಿತಾಯವೇನೂ ಆಗಲಿಲ್ಲ. ಹಾಗಾದರೆ ಪಕ್ಷಪಾತವೇಕೆ? ಎರಡನೆಯ ಹೊಲದ ಒಡತಿಯಿಂದಾಗಿ. ನಾವು ಸಮುದ್ರದ ನೋಟಕ್ಕೆ ಮುಖ ಮಾಡಿ ವ್ಯಾನು ನಿಲ್ಲಿಸುತ್ತಿದ್ದಾಗ ಎಪ್ಪತ್ತರ ಆಚೆಯ ಆ ಹೆಂಗಸು ಬೇಲಿಯ ಬಳಿ ಬಂದು ನಮ್ಮ ಛಾವಣಿಯನ್ನು ಒಂದು ಗಳಿಗೆ ನೋಡಿ, ‘ಗಾಳಿಗೆ ಬೆನ್ನು ಕೊಡಿ, ಇಲ್ಲದಿದ್ದರೆ ಮಗು ನಿದ್ದೆ ಮಾಡುವುದಿಲ್ಲ’ ಎಂದರು. ಆ ಛಾವಣಿಯ ಕೀಲು ಹಿಂದಿದೆ, ಮುಂಭಾಗ ಮೇಲೇಳುತ್ತದೆ. ಆದ್ದರಿಂದ ಎದುರಿನಿಂದ ಗಾಳಿ ಹೊಡೆದರೆ ಅಗಲವಾದ ಬಟ್ಟೆಯ ಗೋಡೆ ಹಾಯಿಯ ಹಾಗೆ ಉಬ್ಬಿ ಪಟಪಟ ಬಡಿದುಕೊಳ್ಳುತ್ತದೆ. ಹಿಂದಿನ ಎರಡು ರಾತ್ರಿಗಳಲ್ಲಿ ಮಗಳು ಎದ್ದು ಕೂತದ್ದು ಏಕೆಂಬುದು ಆಗ ಹೊಳೆಯಿತು. ವ್ಯಾನು ಬಾಡಿಗೆಗೆ ಕೊಟ್ಟವರು ಮುಕ್ಕಾಲು ಗಂಟೆ ವಿವರಿಸಿದರೂ ಇದೊಂದನ್ನು ಹೇಳಿರಲಿಲ್ಲ. ತಿರುಗಿಸಿ ನಿಲ್ಲಿಸಿದೆವು, ನೋಟ ಹಿಂದಿನ ಗಾಜಿನಿಂದಲೂ ಅಷ್ಟೇ ಚೆನ್ನಾಗಿತ್ತು.

ಅರಣ್ಯದ ಪಾರ್ಕಿಂಗ್ ಜಾಗಗಳಲ್ಲಿ ತಂಗಲು ಅವಕಾಶವಿರುವುದು ಫಾರೆಸ್ಟ್ರಿ ಆಂಡ್ ಲ್ಯಾಂಡ್ ಸ್ಕಾಟ್ಲೆಂಡ್ ಸಂಸ್ಥೆಯು 2021ರಲ್ಲಿ ಪ್ರಯೋಗಾರ್ಥ ಆರಂಭಿಸಿದ ಯೋಜನೆಯಿಂದ. ಆಯ್ದ ಕೆಲವು ಜಾಗಗಳಲ್ಲಿ ಮಾತ್ರ, ಒಂದೇ ರಾತ್ರಿ, ಸಂಜೆ ಆರರ ನಂತರ ಬಂದು ಬೆಳಿಗ್ಗೆ ಹತ್ತರೊಳಗೆ ಹೊರಡಬೇಕು; ಶೌಚದ ವ್ಯವಸ್ಥೆ ನಿಮ್ಮ ವಾಹನದಲ್ಲೇ ಇರಬೇಕು; ಹೊರಗೆ ಗುಡಾರ ಹಾಕುವಂತಿಲ್ಲ. ನಿಯಮ ಸ್ಪಷ್ಟವಾಗಿರುವುದರಿಂದ ಯಾರಾದರೂ ಬಂದು ಎಬ್ಬಿಸುತ್ತಾರೆಂಬ ಅಳುಕಿಲ್ಲದೆ ಮಲಗಬಹುದು, ಅದೇ ಇದರ ದೊಡ್ಡ ಗುಣ. ಆದರೆ ಮರಗಳ ನಡುವೆ ಗಾಳಿಯಾಡುವುದಿಲ್ಲ, ಮತ್ತು ಗಾಳಿಯಿಲ್ಲದ ಕಡೆ ಮಿಡ್ಜ್ ಎಂಬ ನೊರಜಿನ ರಾಜ್ಯಭಾರ. ಮಲೆನಾಡಿನ ಇಂಬಳ ಕಂಡವನು ನಾನು, ಈ ನೊರಜು ಏನು ಮಾಡೀತು ಎಂದುಕೊಂಡಿದ್ದೆ. ಇಂಬಳಕ್ಕೆ ಸುಣ್ಣ, ತಂಬಾಕು ಏನೋ ಒಂದು ಉಪಾಯವಿದೆ. ಸಾಸಿವೆ ಕಾಳಿಗಿಂತ ಚಿಕ್ಕದಾದ ಈ ಜೀವಿ ಸಾವಿರದ ಲೆಕ್ಕದಲ್ಲಿ ಕಿವಿ, ಕಣ್ಣರೆಪ್ಪೆ, ಕೂದಲ ಬುಡಕ್ಕೆ ಮುತ್ತುತ್ತದೆ. ಬಾಗಿಲು ತೆರೆದು ಒಗ್ಗರಣೆ ಹಾಕುವಂತಿಲ್ಲ, ಬಾಗಿಲು ಹಾಕಿಕೊಂಡು ಒಗ್ಗರಣೆ ಹಾಕಿದರೆ ವ್ಯಾನಿನಲ್ಲಿ ಕೂರುವಂತಿಲ್ಲ. ಎರಡನೆಯ ರಾತ್ರಿ ಬ್ರೆಡ್ಡು, ಚಟ್ನಿಪುಡಿಯಲ್ಲೇ ಮುಗಿಸಿದೆವು.

ರಸ್ತೆ ಬದಿಯ ಎರಡು ರಾತ್ರಿಗಳು ಒಂದಕ್ಕೊಂದು ವಿರುದ್ಧವಾಗಿದ್ದವು. ಎರಡನೆಯದನ್ನು ಮೊದಲು ಹೇಳುತ್ತೇನೆ. ವ್ಯಾನಿನವರೆಲ್ಲ ಬಳಸುವ ಒಂದು ಆ್ಯಪಿನಲ್ಲಿ ಬಹಳ ನಕ್ಷತ್ರ ಪಡೆದಿದ್ದ ಕಡಲತಡಿಯ ಜಾಗಕ್ಕೆ ಸಂಜೆ ಏಳಕ್ಕೆ ತಲುಪಿದರೆ ಅಲ್ಲಿ ಆಗಲೇ ಒಂಬತ್ತು ವ್ಯಾನುಗಳು. ಅಲ್ಲಿನವರು ಮಾಕರ್ ಎನ್ನುವ, ಮರಳಿನ ಮೇಲೆ ಬೆಳೆಯುವ ಅಪರೂಪದ ಹೂಹುಲ್ಲಿನ ಬಯಲಿನಲ್ಲಿ ಚಕ್ರದ ಗುರುತುಗಳು ಉಳುಮೆಯ ಸಾಲಿನಂತೆ ಬಿದ್ದಿದ್ದವು. ಬಂಡೆಯ ಹಿಂದೆ ಕಾಗದದ ಚೂರುಗಳು. ಜೂನಿನಲ್ಲಿ ಕತ್ತಲಾಗದಿರುವುದೂ ಒಂದು ಮೋಸವೇ: ಇನ್ನೂ ಬೆಳಕಿದೆ, ಮುಂದೆ ನೋಡೋಣ ಎನ್ನುತ್ತಾ ಒಂಬತ್ತೂವರೆಯವರೆಗೆ ಅಲೆದು, ಕೊನೆಗೆ ವಾಹನ ನಿಲ್ಲಿಸಲೆಂದು ರಸ್ತೆಯ ಪಕ್ಕದಲ್ಲಿ ಅಗಲಿಸಿದ ಒಂದು ಜಾಗದಲ್ಲಿ ನಿಂತೆವು. ಬೆಳಗಿನ ಐದಕ್ಕೆ ಮೊದಲ ಲಾರಿ ಹಾದುಹೋದಾಗ ಇಡೀ ವ್ಯಾನು ಅಲುಗಿತು. ಆದರೂ ಒಂಟಿಪಥದ ರಸ್ತೆಗಳಲ್ಲಿ ಎದುರಿನ ವಾಹನಕ್ಕೆ ದಾರಿ ಬಿಡಲೆಂದು ಮಾಡಿದ ‘ಪಾಸಿಂಗ್ ಪ್ಲೇಸ್’ಗಳಲ್ಲಿ ಮಲಗುವ ತಪ್ಪನ್ನು ನಾವು ಮಾಡಲಿಲ್ಲ, ಮಾಡಿದವರನ್ನು ಎರಡು ಕಡೆ ಕಂಡೆವು. ಅಂಥ ಕಡೆ ಊರಿನವರ ಟ್ರ್ಯಾಕ್ಟರಿಗೂ ಆಂಬುಲೆನ್ಸಿಗೂ ಅದೇ ರಸ್ತೆ ಎಂಬುದು ಅವರಿಗೆ ತೋಚಿರಲಿಕ್ಕಿಲ್ಲ.

ಮೊದಲನೆಯ ಜಾಗವನ್ನು ಯಾವ ಆ್ಯಪೂ ತೋರಿಸಲಿಲ್ಲ. ಬ್ರಿಟನ್ನಿನ ಸರ್ಕಾರಿ ನಕಾಶೆ ಸಂಸ್ಥೆಯಾದ ಆರ್ಡ್ನೆನ್ಸ್ ಸರ್ವೆಯ 1:50,000 ಪ್ರಮಾಣದ ಕಾಗದದ ನಕಾಶೆ ನನ್ನ ಬಳಿಯಿತ್ತು; ಅದರಲ್ಲಿ ಎರಡು ಸೆಂಟಿಮೀಟರಿಗೆ ಒಂದು ಕಿಲೋಮೀಟರು, ಹತ್ತು ಮೀಟರಿಗೊಂದು ಎತ್ತರದ ಗೆರೆ. ರಸ್ತೆಯನ್ನು ನೇರ ಮಾಡಿದಾಗ ಹಳೆಯ ತಿರುವು ಕೆಲವೆಡೆ ಕುಡುಗೋಲಿನ ಹಾಗೆ ಪಕ್ಕದಲ್ಲಿ ಉಳಿದುಬಿಡುತ್ತದೆ, ನಕಾಶೆಯಲ್ಲಿ ಅದು ಸಣ್ಣ ಬಿಳಿಯ ಕೊಕ್ಕೆಯಂತೆ ಕಾಣುತ್ತದೆ. ಎತ್ತರದ ಗೆರೆಗಳು ವಿರಳವಾಗಿರುವಲ್ಲಿ ನೆಲ ಸಮತಟ್ಟು. ಪಶ್ಚಿಮಕ್ಕೆ ತೆರೆದಿದ್ದರೆ ಗಾಳಿಯಾಡಿ ನೊರಜು ಹಾರುವುದಿಲ್ಲ. ಮನೆಯ ಗುರುತು ಹತ್ತಿರವಿದ್ದರೆ ಆ ಜಾಗ ಬೇಡ. ಮಧ್ಯಾಹ್ನ ಊಟದ ಹೊತ್ತಿಗೆ ಅಂಥ ಮೂರು ಕೊಕ್ಕೆಗಳಿಗೆ ಪೆನ್ಸಿಲಿನಲ್ಲಿ ಗುರುತು ಹಾಕಿ, ಉಪಗ್ರಹದ ಚಿತ್ರದಲ್ಲಿ ಗೇಟು ಇದೆಯೇ ಎಂದು ನೋಡಿಕೊಂಡೆ. ಮೊದಲನೆಯದರಲ್ಲಿ ಜಲ್ಲಿ ರಾಶಿ, ಎರಡನೆಯದರಲ್ಲಿ ‘ರಾತ್ರಿ ನಿಲುಗಡೆ ಇಲ್ಲ’ ಎಂಬ ಫಲಕ. ಮೂರನೆಯದರಲ್ಲಿ ಹಳೆಯ ಡಾಂಬರು, ಅದರ ಬಿರುಕಿನಲ್ಲಿ ಹುಲ್ಲು, ಕೆಳಗೆ ಕಪ್ಪು ನೀರಿನ ಸರೋವರ, ಸದ್ದೆಂದರೆ ಕುರಿಗಳದು ಮಾತ್ರ. ಹನ್ನೆರಡರಲ್ಲಿ ಅತ್ಯಂತ ಸೊಗಸಾದ ರಾತ್ರಿ ಅದೇ. ಆದರೆ ಮಾರನೆಯ ಬೆಳಿಗ್ಗೆ ಟ್ಯಾಂಕಿನಲ್ಲಿ ನಾಲ್ಕು ಲೀಟರು ನೀರು, ತುಂಬಿದ ಡಬ್ಬಿ. ಅದನ್ನು ಸರಿಯಾದ ಜಾಗದಲ್ಲಿ ಬರಿದು ಮಾಡಲು ಐವತ್ತು ಮೈಲಿ ಓಡಬೇಕಾಯಿತು. ಉಚಿತ ಜಾಗಕ್ಕೆ ತೆತ್ತ ಬೆಲೆಯಲ್ಲಿ ಆ ಡೀಸೆಲನ್ನೂ ಅರ್ಧ ದಿನವನ್ನೂ ನಾನು ಸೇರಿಸುತ್ತೇನೆ.

ಲಾಕ್ ಲೋಮಂಡ್ ಸರೋವರದ ದಡದ ಕೊನೆಯ ರಾತ್ರಿಯ ಬಗ್ಗೆ ಹೇಳಲು ಹೆಚ್ಚಿಲ್ಲ. ಆ ಸರೋವರವಿರುವ ರಾಷ್ಟ್ರೀಯ ಉದ್ಯಾನದ ಕೆಲವು ವಲಯಗಳಲ್ಲಿ ತಂಗಲು, 2017ರಿಂದೀಚೆಗೆ, ಮಾರ್ಚ್ 1ರಿಂದ ಸೆಪ್ಟೆಂಬರ್ 30ರವರೆಗೆ ಪರವಾನಗಿ ಬೇಕು. ಮುಂಗಡವಾಗಿ ಕೆಲವು ಪೌಂಡು ಕಟ್ಟಿ ಜಾಗ ಹಿಡಿದೆವು. ಗ್ಲಾಸ್ಗೋ ಹತ್ತಿರವಿರುವುದರಿಂದ ತಡವಾಗಿ ಬಂದ ಹುಡುಗರ ಹಾಡು ರಾತ್ರಿ ಎರಡರವರೆಗೆ ನಡೆಯಿತು.

ನಮ್ಮಂಥ ವ್ಯಾನಿಗೆ ನಾನು ಹೇಳುವ ಕ್ರಮ ಇದು: ಎರಡು ರಾತ್ರಿ ಹೊಲದಲ್ಲಿ, ಒಂದು ರಾತ್ರಿ ರಸ್ತೆಯ ಬದಿಯಲ್ಲಿ, ನಾಲ್ಕನೆಯ ದಿನ ಸ್ನಾನ ಮತ್ತು ಬಟ್ಟೆಗಾಗಿ ದೊಡ್ಡ ಕ್ಯಾಂಪ್‌ಸೈಟು. ಅರಣ್ಯದ ಜಾಗಗಳನ್ನು ಮೇ ಮಧ್ಯದವರೆಗೆ ಮತ್ತು ಸೆಪ್ಟೆಂಬರ್ ಕೊನೆಯ ನಂತರಕ್ಕೆ ಇಟ್ಟುಕೊಳ್ಳುವುದು ಮೇಲು. ನಾವು ಮುಂದಿನ ಮೇ ಮೊದಲ ವಾರಕ್ಕೆ ಹೊರಡುವವರಿದ್ದೇವೆ. ಗಾಳಿಗೆ ಬೆನ್ನು ಕೊಡಿಸಿದ ಆ ಅಜ್ಜಿಗೆ ಫೋನ್ ಮಾಡಿದಾಗ, ಆ ವಾರ ಕುರಿಗಳು ಮರಿ ಹಾಕುವ ಹೊತ್ತು, ಸಮುದ್ರದ ಕಡೆಯ ಮೂಲೆ ಖಾಲಿಯಿರುವುದಿಲ್ಲ, ರಸ್ತೆಯ ಕಡೆಯದಾದರೆ ಬನ್ನಿ ಎಂದರು. ಬರುತ್ತೇವೆ ಎಂದಿದ್ದೇನೆ.